ಡಯಾಲಿಸಿಸ್ ದಾರಿಯಲ್ಲಿ ರಂಗಪ್ಪ ಕೈ ಹಿಡಿದದ್ದು

ಕಳೆದ ವರ್ಷ ಯುಗಾದಿ ಆದಮೇಲೆ ನನ್ನ ಯಜಮಾನರ ಎರಡೂ ಕಿಡ್ನಿ ಕೆಟ್ಟವು. ವಾರಕ್ಕೆ ಎರಡು ಸಲ ತಿಪಟೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಲೇಬೇಕು ಎಂದು ಡಾಕ್ಟರು ಹೇಳಿದರು. ನಮ್ಮದು ಶೆಟ್ಟಿಕೆರೆಯಿಂದ ಒಳಗಿರುವ ತೋಟದ ಮನೆ. ಹೋಗುವಾಗ ಹೇಗೋ ರಸ್ತೆವರೆಗೆ ನಡೆಯುತ್ತಿದ್ದರು. ಬರುವಾಗ ಕಾಲು ನಿಲ್ಲುತ್ತಿರಲಿಲ್ಲ. ಬಸ್ಸಿಳಿದ ಮೇಲೆ ತೋಳು ಹಿಡಿದು, ತೆಂಗಿನ ಮರ ಸಿಕ್ಕಲ್ಲೆಲ್ಲ ಒರಗಿಸಿ ನಿಲ್ಲಿಸಿ, ಮನೆ ಸೇರುವಷ್ಟರಲ್ಲಿ ನನಗೂ ಜೀವ ಸಾಕಾಗಿರುತ್ತಿತ್ತು. ಆಮೇಲೆ ಹಾಲು ಕರೆಯಬೇಕು, ಅವರಿಗೆ ಉಪ್ಪಿಲ್ಲದ ಅಡುಗೆ ಬೇರೆ.

ಹೀಗೇ ಒಂದು ಸಲ ಡಯಾಲಿಸಿಸ್ ತಪ್ಪಿತು. ಮತ್ತೆ ತಪ್ಪಿತು. ಅವರ ಮುಖ, ಕಾಲು ಊದಿಕೊಂಡವು. "ಹೀಗೆ ತಪ್ಪಿಸಿದ್ರೆ ಜೀವಕ್ಕೇ ಅಪಾಯ ಕಣಮ್ಮ" ಎಂದು ಡಾಕ್ಟರು ಗದರಿದರು.

ಆ ಶನಿವಾರ ಯಜಮಾನರು, "ಸಾಕು ಬುಡೇ, ನಾನಿನ್ನು ಬರಾಕಿಲ್ಲ. ನಿನ್ನೂವೆ ಸಾಯಿಸ್ತಾ ಇವ್ನಿ" ಎಂದು ಗೋಡೆ ಕಡೆ ತಿರುಗಿ ಮಲಗಿದರು. ನಾನು ನಮ್ಮ ಮನೆದೇವರು ರಂಗಪ್ಪನ ಗುಡಿಗೆ ಹೋದೆ. ಹರಕೆ ಹೊರಲೂ ತ್ರಾಣವಿರಲಿಲ್ಲ. "ವಾಸಿ ಮಾಡು ಅಂತ ಕೇಳಾಕಿಲ್ಲ ಕಣಪ್ಪ. ನನ್ ಕೈಲಿ ಆಯ್ತಾ ಇಲ್ಲ ಅಂತ ಯಾರ್ಗಾದ್ರೂ ಗೊತ್ತಾಗಂಗೆ ಮಾಡು" ಎಂದೆ.

ಸೋಮವಾರ ಕಾಡಿಬೇಡಿ ಹೊರಡಿಸಿದೆ. ನರ್ಸಮ್ಮ ಎಂದಿನಂತೆ ಕಂಪ್ಯೂಟರ್‌ನಲ್ಲಿ ಯಜಮಾನರ ಹೆಸರು ತೆಗೆದು ತೂಕ, ಬಿ.ಪಿ. ಹಾಕಿದರು. ಆದರೆ ಅಂದು ಅಷ್ಟಕ್ಕೇ ಬಿಡಲಿಲ್ಲ.

"ಇನ್ನೊಂದಷ್ಟು ಕೇಳ್ಬೇಕು ಕಣಮ್ಮ. ಈಗ ಎಲ್ಲಾ ರೋಗಿಗಳ್ಗೂ ಕೇಳಿ ಇದ್ರಲ್ಲಿ ಹಾಕ್ತೀವಿ. ಊಟಕ್ಕೆ ತೊಂದ್ರೆ ಐತಾ? ಮನೇಲಿ ನೋಡ್ಕಳೋರು ಯಾರವ್ರೆ? ಆಸ್ಪತ್ರೆಗೆ ಹೆಂಗ್ ಬತ್ತೀರಿ?"

ಅಷ್ಟು ತಿಂಗಳಲ್ಲಿ, ಹೇಗೆ ಬರುತ್ತೀರಿ ಎಂದು ಯಾರೂ ಕೇಳಿರಲಿಲ್ಲ. ಉತ್ತರ ಹೇಳಲು ಬಾಯಿ ತೆರೆದವಳು ಅತ್ತುಬಿಟ್ಟೆ. ನರ್ಸಮ್ಮ ಟೈಪು ಮಾಡುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

ಆ ವಾರವೇ ಅವರಿಂದ ಫೋನು ಬಂತು. ನಮ್ಮ ಪಕ್ಕದ ಹಳ್ಳಿಯ ಬಸವರಾಜಣ್ಣ ತಾಯಿಯನ್ನು ಸ್ವಂತ ಆಟೋದಲ್ಲಿ ಡಯಾಲಿಸಿಸ್‌ಗೆ ಕರೆತರುತ್ತಿದ್ದರಂತೆ. ನರ್ಸಮ್ಮ ಅವರನ್ನು ಕೇಳಿ ಒಪ್ಪಿಸಿ, ಯಜಮಾನರ ಸರದಿಯನ್ನೂ ಅದೇ ಹೊತ್ತಿಗೆ ಬದಲಾಯಿಸಿದ್ದರು. ಬಸವರಾಜಣ್ಣ ತೋಟದ ಬಾಗಿಲಿಗೇ ಆಟೋ ತಂದು, "ನಡೀರಕ್ಕ, ಅವ್ವಂಗೂ ಮಾತಿಗೊಬ್ರು ಸಿಕ್ಕಂಗಾಯ್ತು" ಎಂದರು.

ಕಿಡ್ನಿ ಸರಿಯಾಗಿಲ್ಲ, ಆಗುವುದೂ ಇಲ್ಲ. ನನ್ನ ದಣಿವೂ ಪೂರ್ತಿ ಹೋಗಿಲ್ಲ. ಆದರೆ ಅಂದಿನಿಂದ ಡಯಾಲಿಸಿಸ್ ತಪ್ಪಿಲ್ಲ, ಊತ ಇಳಿದಿದೆ. ಕಂಪ್ಯೂಟರ್‌ನಲ್ಲಿದ್ದ ಪ್ರಶ್ನೆ ಕೇಳಿದರು, ಅಷ್ಟೇ ಎನ್ನುವವರು ಎನ್ನಲಿ. ಅದನ್ನು ಆ ದಿನ ನನ್ನ ಮುಂದೆ ಕೇಳಿಸಿದವನು ರಂಗಪ್ಪನೇ.

ಮೊದಲ ದಿನ ವಾಪಸ್ ಬರುವಾಗ ಆಟೋದಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಆಟೋ ಮನೆ ಮುಂದೆ ನಿಂತಿತ್ತು, ನನ್ನ ತಲೆ ಯಜಮಾನರ ಹೆಗಲ ಮೇಲಿತ್ತು.

"ಬಂದು ಆಗ್ಲೇ ಹೊತ್ತಾಯ್ತು ಕಣೇ. ಎಬ್ಬಿಸ್ಬ್ಯಾಡಿ ಅಂತ ನಾನೇ ಅಂದೆ" ಎಂದರು.

ಆ ನಿದ್ದೆ ಕೊಟ್ಟ ಸ್ವಾಮಿಗೆ ಶರಣು.