ಗೋಡೆ ತೂರದ ಹಮೀದಾಕ

ಬೆಳಿಗ್ಗೆ ಆಫೀಸಿನ ಡ್ರಾಯರ್ ಎಳೆದರೆ ಹಳೆ ರಬ್ಬರಿನ ವಾಸನೆ. ಒಳಗೆ ಕೈಗೆ ಅಂಟುವ ಒಂದು ಕಪ್ಪು ಗುಬುಟು. ನೀವು ನೋಡಿದ್ದರೆ ಕುಕ್ಕರ್ ಮುಚ್ಚಳದ ಹಿಡಿ ಎಂದುಕೊಳ್ಳುತ್ತಿದ್ದಿರಿ. ಕಂಪ್ಯೂಟರಿಗೆ ಸಿಕ್ಕಿಸಿ ತಿರುಗಿಸಿದರೆ ಪರದೆಯ ಮೇಲಿನ ಇಡೀ ಮನೆ ತಿರುಗುತ್ತದೆ. ತಳ್ಳಿದರೆ ನಾವು ಮುಂದೆ ಹೋಗುತ್ತೇವೆ. ಅದು ಹಮೀದಾಕನದು.

ಜನರಿಗೆ ಅವರ ಮನೆಯನ್ನು ಕಟ್ಟುವ ಮೊದಲೇ ಪರದೆಯಲ್ಲಿ ತೋರಿಸುವುದು ನಂತೂರಿನ ನಮ್ಮ ಆಫೀಸಿನ ಕೆಲಸ. ಗಲ್ಫಿನಲ್ಲಿ ಬಂಗಲೆಗಳ ನಕ್ಷೆ ಬಿಡಿಸಿ ಬಂದ ಹಮೀದಾಕ ನನ್ನ ಪಕ್ಕದ ಕುರ್ಚಿಯವರು. ನಾನು ದೇವಸ್ಥಾನದ ಅರ್ಚಕರ ಮಗಳು. ಒಂದು ಮಂತ್ರ ನೆಟ್ಟಗೆ ಬಾರದಿದ್ದರೂ ಅವರ ಬಾಯಲ್ಲಿ ‘ಭಟ್ರು’. ಮೌಸ್ ಹಿಡಿದರೆ ನಾನು ಗೋಡೆ ತೂರಿ ನೇರ ಅಡುಗೆಮನೆಗೆ ನುಗ್ಗುವವಳು. ಅವರು ಹಾಗಲ್ಲ. ಗೇಟು, ಸಿಟೌಟು, ಬಾಗಿಲು. ಹೊಸ್ತಿಲಲ್ಲಿ ನಿಂತು, ಗಿರಾಕಿಯ ಕಡೆ ತಿರುಗಿ “ಬನ್ನಿ, ನಿಮ್ಮದೇ ಮನೆ” ಎಂದ ಮೇಲೆಯೇ ಒಳಗೆ. ಲೇಟಾಗುತ್ತದೆ ಎಂದರೆ ಕೇಳಬೇಕಲ್ಲ!

“ಗೋಡೆಯಲ್ಲಿ ಹೋಗುವುದು ಕಳ್ಳ ಮಾತ್ರ ಭಟ್ರೇ.”

ಆಮೇಲೆ ಅವರ ಬಲಗೈ ನಡುಗತೊಡಗಿತು. ಶಕ್ತಿನಗರದ ಜಾಗದಲ್ಲಿ ಸ್ವಂತ ಮನೆ ಕಟ್ಟಬೇಕು, ಅದನ್ನು ತಾನೇ ಬಿಡಿಸಬೇಕು ಎಂಬುದು ಅವರ ಆಸೆ. ಮೌಸ್ ಹಿಡಿದರೆ ಪರದೆಯ ಬಾಣ ಕಿಟಕಿ ಬಿಟ್ಟು ಮಾವಿನ ಮರ ಹತ್ತುತ್ತಿತ್ತು. ನಾನು ಬಿಡಿಸಿಕೊಡುತ್ತೇನೆ ಎಂದದ್ದೇ ತಡ, ಮಾತು ಬಿಟ್ಟರು.

ಕೊನೆಗೆ ಇದ್ದಬದ್ದ ಸಾಧನಗಳನ್ನೆಲ್ಲ ಪರೀಕ್ಷೆಗೆ ಇಳಿಸಿದೆವು. ಗುರಿ, ಪರದೆಯ ಮನೆಯಲ್ಲಿ ಅಡುಗೆಮನೆ ಕಿಟಕಿಯ ಚಿಲಕ ಮುಟ್ಟುವುದು. ಕಣ್ಣಿಗೆ ದಪ್ಪ ಕನ್ನಡಕ ಕಟ್ಟಿ ಗಾಳಿಯಲ್ಲಿ ತೋರಿಸುವ ಕೋಲೊಂದು ಹೊಸತಾಗಿ ಬಂದಿತ್ತು. ಹೇಗೆಂದು ತೋರಿಸಿಕೊಡಲು ಹೋದ ನಾನೇ ಆ ಮನೆಯ ಟೆರೇಸಿನ ನೀರಿನ ಟ್ಯಾಂಕಿನ ಮೇಲೆ ನಿಂತೆ. ಅವರದಂತೂ ಆಧಾರವಿಲ್ಲದ ಕೈ. ಕೋಲಿನ ಬೆಳಕು ಗೋಡೆಯುದ್ದಕ್ಕೂ ಓಡಾಡಿತು. ಗುಬುಟಿಗೆ ಮಾತ್ರ ಅಂಗೈ ಒರಗಿಸಬಹುದು. ಗಟ್ಟಿ ಇದ್ದ ಎಡಗೈಯನ್ನು ಅದರ ಮೇಲಿಟ್ಟು, ಗೇಟು, ಸಿಟೌಟು, ಹೊಸ್ತಿಲು ದಾಟಿ, ಪರದೆಯ ನಡುವೆ ಅಲುಗದೆ ನಿಂತಿರುವ ಚುಕ್ಕೆಯ ಹತ್ತಿರಕ್ಕೆ ಚಿಲಕವನ್ನೇ ತಂದು ನಿಲ್ಲಿಸಿದರು.

“ನಾವು ಗುರಿ ಇಡುವುದೇ ಬೇಡ ಭಟ್ರೇ, ಮನೆಯೇ ಹತ್ತಿರ ಬರ್ತದೆ” ಎಂದರು. ಕಣ್ಣಲ್ಲಿ ನೀರಿತ್ತು.

ನಕ್ಷೆಯನ್ನು ತಾವೇ ಬಿಡಿಸಿ ಮುಗಿಸಿದರು. ಪಾಯ ತೋಡುವ ಮೊದಲೇ ಹಮೀದಾಕ ತೀರಿಕೊಂಡರು. ಜಾಗ ಹಾಗೇ ಉಂಟು.

ಇವತ್ತು ಗುಬುಟನ್ನು ಒರೆಸಿ, ಅವರ ಮನೆಯ ಫೈಲ್ ತೆರೆದೆ. ತೂರುವ ಚಾಳಿಯ ನನ್ನ ಕೈ ಯಾಕೋ ಗೇಟಿನಲ್ಲೇ ತಡೆದು ನಿಂತಿತು. ನಿಧಾನಕ್ಕೆ ಸಿಟೌಟು ಹತ್ತಿದೆ. ಪಕ್ಕದ ಕುರ್ಚಿಯ ಜಾಗದಲ್ಲಿ ಈಗ ಪ್ರಿಂಟರ್ ಇದೆ. ಹೊಸ್ತಿಲಲ್ಲಿ ನಿಂತು ಆ ಕಡೆ ತಿರುಗಿದೆ.

“ಬನ್ನಿ ಹಮೀದಾಕ, ನಿಮ್ಮದೇ ಮನೆ” ಎಂದೆ.