ಪರಮಾನಂದನ ಕರ್ನಲ್
ಪೀಣ್ಯದ ಕಾರ್ಖಾನೆಯೊಂದರ ಸೆಕ್ಯುರಿಟಿ ಸೂಪರ್‌ವೈಸರ್ ಪರಮಾನಂದ ಮೀಸೆ ತಿರುವಿದನೆಂದರೆ ಕ್ಯೂಬಾದ ಸ್ವಾತಂತ್ರ್ಯ ಯುದ್ಧ ಶುರುವಾಯಿತೆಂದೇ ಲೆಕ್ಕ. ಎಲ್ಲೋ ಓದಿದ, ಆ ಯುದ್ಧದ ಕರ್ನಲ್ ಒಬ್ಬನ ಕಥೆ ಗೇಟಿನ ನಾಯಿಗೂ ಬಾಯಿಪಾಠ. "ಕಬ್ಬು ಕಡಿಯೋ ಆಳು ಕಣ್ರೋ! ಅದೇ ಮಚ್ಚು ಹಿಡ್ಕೊಂಡು ಫಿರಂಗಿಗೆ ಎದುರು ನುಗ್ಗಿದ. ಕರ್ನಲ್ ಆದ್ಮೇಲೂ ಕೂಲಿಯವರ ಜೊತೇಲೇ ಕೂತು ಉಣ್ತಿದ್ದ!" ಲಾರಿ ಒಳಬಿಡುವಾಗಲೂ ಪರಮಾನಂದ ಕುದುರೆ ದಂಡು ನಡೆಸುವವನಂತೆ ಕೈ ಬೀಸುತ್ತಾನೆ. ಮೊನ್ನೆ ಮ್ಯಾನೇಜರ್ ಪಕ್ಕದಲ್ಲಿದ್ದಾಗಲೇ, ಮುಧೋಳದಲ್ಲಿ ಕಬ್ಬು ಕಡಿದು ಪರಮಾನಂದನನ್ನು ಓದಿಸಿದ ಅಣ್ಣ ಭೀಮಪ್ಪ, ಮಾಸಿದ ಧೋತರದಲ್ಲಿ, ಬುತ್ತಿ ಗಂಟು ಹಿಡಿದು ಗೇಟಿಗೆ ಬಂದ. "ಯಾರ್ರೀ ನೀವು? ಯಾರು ಬೇಕಿತ್ತು?" ಎಂದುಬಿಟ್ಟ ಪರಮಾನಂದ. ಅಣ್ಣ ಅರೆಗಳಿಗೆ ಮುಖ ನೋಡಿ ಕೈಮುಗಿದ: "ತಪ್ಪಾತ್ರೀ ಸಾಹೇಬ್ರ, ಬ್ಯಾರೆ ಫ್ಯಾಕ್ಟರಿಗೆ ಬಂದೇನಿ." ಅಂದಿನಿಂದ ಕಥೆ ಹೇಳುವಾಗ ಪರಮಾನಂದ ಯಾರ ಮುಖವನ್ನೂ ನೋಡುವುದಿಲ್ಲ, ಅದರಲ್ಲೀಗ ಕರ್ನಲ್ ಒಬ್ಬನೇ ಉಣ್ಣುತ್ತಾನೆ.