ಮೊಹರಂ ಪದಕ್ಕೆ ಬಂದ ಜವಾಬು

ಅಂದು ಕಾಸೀಮಸಾಬರು ನಿಜವಾಗಿ ಹಾಡಿದರೋ, ನನ್ನ ನೆನಪೇ ಅವರಿಂದ ಹಾಡಿಸಿತೋ, ಆಣೆ ಮಾಡಿ ಹೇಳಲಾರೆ.

ಎಪ್ಪತ್ತರ ದಶಕದ ಮಾತು. ಕೊಡ್ಲಿ ಊರಿನ ಮೊಹರಂನಲ್ಲಿ, ಹಲಗೆವಾದ್ಯದ ತಾಳಕ್ಕೆ, ಕರ್ಬಲಾ ಕಥೆಯ ರಿವಾಯತ್ ಪದ ನಡೆದಿತ್ತು. ಶರಣಪ್ಪ ಹಾಡಿ ಪ್ರಶ್ನೆ ಕೇಳುವುದು, ಕಾಸೀಮಸಾಬರು ಬಾಯಿಪಾಠದ ನುಡಿ ಹಾಡಿಯೇ ಉತ್ತರಿಸುವುದು ಪ್ರತಿ ವರ್ಷದ ರೂಢಿ. ಆ ಸಲ ಮೊಹರಂಗೆ ಆರು ತಿಂಗಳ ಮೊದಲೇ ಲಕ್ವಾ ಹೊಡೆದು ಸಾಬರ ಮಾತು ನಿಂತಿತ್ತು. ನೀರು ಬೇಕಾದರೂ ಕೈಸನ್ನೆ ಮಾಡುತ್ತಿದ್ದರು. ಅವರ ಜಾಗದಲ್ಲಿ ಬೇರೊಬ್ಬರನ್ನು ನಿಲ್ಲಿಸೋಣ ಎಂದರು ಹಿರಿಯರು. ನನಗೂ ಅದೇ ಸರಿ ಎನಿಸಿತ್ತು.

ಶರಣಪ್ಪ ಒಪ್ಪಲಿಲ್ಲ. ಪ್ರಶ್ನೆಯ ನುಡಿ ಹಾಡಿ ಮುಗಿಸಿ, ಸಾಬರ ಎದುರಿಗೇ ಕುಳಿತುಬಿಟ್ಟ.

“ಏನೋ ಸಾಬಾ, ಸೋತೀನಿ ಅಂತ ಒಪ್ಕೋತೀಯೇನ? ಜವಾಬು ಬರೋತನಕ ನಾ ಏಳಂಗಿಲ್ಲ ನೋಡು.”

ಹಲಗೆ ಬಡಿಯುತ್ತಲೇ ಇತ್ತು. ಸಾಬರ ತುಟಿ ನಡುಗಿತು. ಮೊದಲು ರಾಗ ಬಂತು, ಅದರ ಹಿಂದೆ ಮಾತು; ಇಡೀ ನುಡಿ, ಒಂದಕ್ಷರ ತಪ್ಪದೆ. ಹಲಗೆ ನಿಂತ ಮೇಲೆ ಅವರು ಮತ್ತೆ ಮೂಕರಾದರು.

“ಭಾಳ ಬೆರಕಿ ಇದ್ದಾನ್ರಿ ಇವ, ಆರು ತಿಂಗಳು ನಮ್ಮನ್ನ ಆಟ ಆಡಿಸ್ಯಾನ” ಎಂದು ಶರಣಪ್ಪ ಅವರ ಬೆನ್ನಿಗೆ ಗುದ್ದಿದ.

ಊರವರು ಪವಾಡ ಎಂದರು. ನಾನು ನನ್ನ ಕಿವಿಯನ್ನೇ ನಂಬಲಿಲ್ಲ. ವರ್ಷಗಳ ನಂತರ ಗುಲಬರ್ಗಾದ ವೈದ್ಯರೊಬ್ಬರನ್ನು ಕೇಳಿದಾಗ, ಅವರು ಪುಸ್ತಕ ತೆರೆದು ತೋರಿಸಿದರು: ಲಕ್ವಾದಿಂದ ಮಾತು ಕಳೆದುಕೊಂಡ ಕೆಲವರು, ಬಾಯಿಪಾಠವಾದ ಹಾಡನ್ನು ಮಾತಿನ ಸಮೇತ ಹಾಡಬಲ್ಲರು.